ಅಪ್ಪನ ಹೆಸರಿನಲ್ಲಿ ಹಾಜರಿ: ಬೇಸಿಗೆ ಕೆಲಸ ಮತ್ತು ಒಂದು ಮನೆಯ ಮೂರು ತಲೆಮಾರು

ಪಿಯು ಕಾಲೇಜಿನಲ್ಲಿ ಪಾಠ ಮಾಡುವವರು, ಹಾಸ್ಟೆಲ್ ನೋಡಿಕೊಳ್ಳುವವರು, ಹಳ್ಳಿ ಹುಡುಗರ ಜೊತೆ ಓಡಾಡುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಚಿಕ್ಕಮಗಳೂರು ಜಿಲ್ಲೆಯ ಗಿರಿಸಾಲಿನ ತಪ್ಪಲಲ್ಲಿರುವ, ಮೂರು ತಲೆಮಾರಿನಿಂದ ಬೇಸಿಗೆಯಲ್ಲಿ ಕಾಡಿನ ಬೆಂಕಿ ಕಾಯಲು ಹೋಗುವ ಒಂದು ಮನೆಯ ಪ್ರಕರಣ ಇದು. ಹುಡುಗ ನನ್ನ ವಿದ್ಯಾರ್ಥಿ. ಮನೆಯವರನ್ನು ಕೇಳಿಯೇ ಬರೆದಿದ್ದೇನೆ. ಊರು ಹೇಳಿಲ್ಲ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಸುಳ್ಳು ಹೆಸರೂ ಬೇಡ ಎಂದರು. ಹಾಗಾಗಿ ಅಜ್ಜ, ಅಪ್ಪ, ಅಮ್ಮ, ಹುಡುಗ, ತಂಗಿ ಅಷ್ಟೇ.

ಹಿನ್ನೆಲೆ

ಮಲೆನಾಡಿನ ಬೇಸಿಗೆ ಕೆಲಸಕ್ಕೂ ಬೇಸಿಗೆ ರಜೆಗೂ ತಾಳೆ ಇಲ್ಲ. ರಜೆ ಸಿಗುವುದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಕೆಲಸ ಶುರುವಾಗುವುದು ಜನವರಿ ಕೊನೆಗೆ. ಗಿರಿಯ ಹುಲ್ಲು ಒಣಗಿ ಕರಡವಾಗುವುದು, ಕಾಡಿಗೆ ಬೆಂಕಿ ಬೀಳುವುದು, ಕಾಫಿ ಹೂ ಅರಳಿಸುವ ಹೂಮಳೆ ಬಾರದ ತೋಟಗಳಲ್ಲಿ ರಾತ್ರಿಯೆಲ್ಲ ನೀರು ಹಾರಿಸುವ ಜೆಟ್ ಪೈಪು ಬದಲಾಯಿಸುವುದು, ಮೆಣಸು ಕೊಯ್ಲು, ಗಿಡದ ನರ್ಸರಿಯಲ್ಲಿ ಬ್ಯಾಗಿಗೆ ಮಣ್ಣು ತುಂಬುವುದು, ಎಲ್ಲದರ ಬಿರುಸೂ ಫೆಬ್ರವರಿ ಮಾರ್ಚ್‌ನಲ್ಲೇ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ ಆಗಲೇ. ರಜೆ ಸಿಕ್ಕು ಹುಡುಗರ ಕೈ ಖಾಲಿಯಾಗುವ ಹೊತ್ತಿಗೆ ಒಂದೆರಡು ಅಡ್ಡಮಳೆ ಬಿದ್ದು ಬೆಂಕಿಯ ಕೆಲಸ ಮುಗಿದೇ ಹೋಗಿರುತ್ತದೆ. ‘ಓದು ಕೆಡದ ಹಾಗೆ ರಜೆಯಲ್ಲಿ ದುಡಿಯಲಿ’ ಎಂಬ ಮಾತು ಪೇಟೆಯಲ್ಲಿ ಸರಿ. ಇಲ್ಲಿ ದುಡಿಯಬೇಕಾದ ದಿನಗಳೇ ಓದಬೇಕಾದ ದಿನಗಳು. ಈ ಮನೆಯ ಮೂರು ತಲೆಮಾರಿನವರೂ ಇದೇ ಜಾಗದಲ್ಲಿ ಒಂದೊಂದು ತೀರ್ಮಾನ ಮಾಡಿದವರು.

ಅಜ್ಜ ಶಾಲೆಯ ಮುಖ ಕಂಡವರಲ್ಲ, ದನ ಕಾಯುತ್ತಿದ್ದವರು. ಗಿರಿಯ ಕರಡಕ್ಕೆ ಬೆಂಕಿ ಕೊಟ್ಟರೆ ಮೊದಲ ಮಳೆಗೆ ಎಳೆಹುಲ್ಲು ಏಳುತ್ತದೆ, ದನಕ್ಕೆ ಮೇವಾಗುತ್ತದೆ ಎಂದು ಆಗಿನವರು ಹುಲ್ಲುಗಾವಲು ಸುಡುತ್ತಿದ್ದರು. ಬೆಂಕಿ ಯಾವ ಹೊತ್ತಿಗೆ ಕೊಟ್ಟರೆ ಎಲ್ಲಿ ನಿಲ್ಲುತ್ತದೆ ಎನ್ನುವುದು ಅಜ್ಜನಿಗೆ ಚೆನ್ನಾಗಿ ಗೊತ್ತಿತ್ತು. 1970ರ ದಶಕದಲ್ಲಿ ಅರಣ್ಯ ಇಲಾಖೆಯವರಿಗೆ ಬೆಂಕಿ ಕಾಯಲು ಜನ ಬೇಕಾದಾಗ ಬೆಂಕಿ ಹಾಕುವವರಲ್ಲೇ ಚುರುಕಾಗಿದ್ದವರನ್ನು ಕರೆದರು. ಯಾರ ತಲೆಗೆ ಹೊಳೆಯಿತೋ, ಒಳ್ಳೆಯ ಉಪಾಯ. ಅಲ್ಲಿಂದ ಪ್ರತಿ ಬೇಸಿಗೆಯೂ ಅಜ್ಜ ಬೆಂಕಿ ಕಾವಲಿಗೆ ಹೋದರು.

ಅಜ್ಜ ಮಗನಿಗೆ, ಮೊಮ್ಮಗನಿಗೆ ಹೇಳಿಕೊಟ್ಟ ಪಾಠ ಈಗಿನ ಯಾವ ತರಬೇತಿಗೂ ಕಡಿಮೆಯದಲ್ಲ. ಹಗಲು ಬಿಸಿಲೇರಿದ ಮೇಲೆ ಗಾಳಿ ಕಣಿವೆಯಿಂದ ಮೇಲಕ್ಕೆ ಹತ್ತುತ್ತದೆ, ಬೆಂಕಿಯೂ ಇಳಿಜಾರಿನಲ್ಲಿ ಮೇಲಕ್ಕೇ ಓಡುತ್ತದೆ. ಅದಕ್ಕೇ ಉರಿಯ ಮೇಲ್ಗಡೆ ಯಾವತ್ತೂ ನಿಲ್ಲಬಾರದು. ಪಕ್ಕದಿಂದ ಹಸಿಸೊಪ್ಪಿನಲ್ಲಿ ಬಡಿಯುತ್ತ ಬೆಂಕಿಯ ಬಾಲದಿಂದ, ಅಂದರೆ ಹಿಂದಿನ ತುದಿಯಿಂದ, ತಲೆಯ ಕಡೆಗೆ ಹೋಗಬೇಕು. ಸೊಪ್ಪನ್ನು ಎತ್ತೆತ್ತಿ ಹೊಡೆದರೆ ಕಿಡಿ ಹಾರುತ್ತದೆ, ಒತ್ತಿ ಎಳೆಯಬೇಕು. ದಿಕ್ಕು ತಪ್ಪಿದರೆ ಹಸಿರು ಕಂಡ ಕಡೆಗೆ ಓಡಬಾರದು, ಆಗಲೇ ಸುಟ್ಟು ಕರಿಯಾದ ಜಾಗಕ್ಕೆ ನುಗ್ಗಬೇಕು, ಒಮ್ಮೆ ಉರಿದದ್ದು ಮತ್ತೆ ಉರಿಯುವುದಿಲ್ಲ. ಹುಡುಗ ನನಗೆ ಇದನ್ನೆಲ್ಲ ಹೇಳಿದ್ದು ಮಗ್ಗಿ ಒಪ್ಪಿಸಿದ ಹಾಗೆ.

ಅಪ್ಪನ ಕಥೆ ಬೇರೆ. 1990ರ ದಶಕದಲ್ಲಿ ಅವರು ಎಸ್ಸೆಸ್ಸೆಲ್ಸಿಯಲ್ಲಿದ್ದರು. ಆ ವರ್ಷ ಪರೀಕ್ಷೆಗೆ ಮುಂಚೆ ದೊಡ್ಡ ಬೆಂಕಿ ಬಿತ್ತು, ಜನ ಸಾಲದು ಎಂದು ಅಜ್ಜ ಮಗನನ್ನೂ ಕರೆದುಕೊಂಡು ಹೋದರು. ಎರಡು ವಿಷಯ ಹೋಯಿತು, ಮತ್ತೆ ಕಟ್ಟಲೇ ಇಲ್ಲ. ಮುಂದಿನ ಬೇಸಿಗೆಗೆ ಅವರ ಹೆಸರೂ ಹಾಜರಿ ಪುಸ್ತಕದಲ್ಲಿತ್ತು. ಜನವರಿಯಲ್ಲಿ ಸೇರಿಸಿಕೊಂಡು ಮಳೆ ಹಿಡಿದ ಮೇಲೆ ಬಿಡುವ ಕೆಲಸ. ಮಿಕ್ಕ ಏಳೆಂಟು ತಿಂಗಳು ತೋಟದ ಕೂಲಿ. ಇವತ್ತಲ್ಲ ನಾಳೆ ಪರ್ಮನೆಂಟ್ ಆಗುತ್ತದೆ ಎಂಬ ಒಂದೇ ಆಸೆ ಅವರನ್ನು ಇಷ್ಟು ವರ್ಷ ಹಿಡಿದಿಟ್ಟಿತು.

ಆ ಆಸೆಗೆ ಬುಡ ಇತ್ತೇ ಎಂದು ನಾನು ಕೂತು ನೋಡಿದೆ. ಕರ್ನಾಟಕದಲ್ಲಿ ದಿನಗೂಲಿಯವರನ್ನು ಕಾಯಂ ಮಾಡುವ ಮಾತು ಬಂದಾಗ 1984ರ ಜುಲೈ 1 ಎಂಬ ಗಡಿ ದಿನಾಂಕ ಮತ್ತೆಮತ್ತೆ ಕಾಣಿಸುತ್ತದೆ. ಅದಕ್ಕೆ ಮುಂಚೆ ಸೇರಿ ಹತ್ತು ವರ್ಷ ದುಡಿದವರಿಗೆ ಒಂದು ದಾರಿ ಇತ್ತು. ಅಜ್ಜ ಮುಂಚೆಯೇ ಸೇರಿದ್ದರೂ ಪ್ರತಿ ಮಳೆಗಾಲಕ್ಕೂ ಕೆಲಸ ಕಡಿದು ಹೋಗುತ್ತಿದ್ದ ಕಾರಣ ಅವರ ವರ್ಷಗಳನ್ನು ಯಾರೂ ಕೂಡಿಸಲಿಲ್ಲ. 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ, ನೇಮಕಾತಿ ನಿಯಮ ಬಿಟ್ಟು ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದು ಹೇಳಿತು. ಅಪ್ಪ ಕಾಯುತ್ತಿದ್ದ ಬಾಗಿಲು ಅವರು ಮೂವತ್ತು ತಲುಪುವ ಹೊತ್ತಿಗೇ ಮುಚ್ಚಿಕೊಂಡಿತ್ತು. ಅದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಅಮ್ಮನ ವಿಷಯ ಈ ಮನೆಯಲ್ಲಿ ಯಾರೂ ದೊಡ್ಡದಾಗಿ ಮಾತಾಡುವುದಿಲ್ಲ. ಮೂಡಿಗೆರೆ ಕಡೆಯವರು, ಹುಡುಗಿಯಾಗಿದ್ದಾಗ ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ ಒಂದು ತೋಟದ ನರ್ಸರಿಯಲ್ಲಿ ನೂರು ಬ್ಯಾಗಿಗೆ ಇಷ್ಟು ಎಂಬ ಲೆಕ್ಕದಲ್ಲಿ ಮಣ್ಣು ತುಂಬಿದವರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ. ಮದುವೆಯಾಗಿ ಬಂದ ಮೇಲೆ ಮನೆ ಹಿಂದಿನ ಜಾಗಕ್ಕೆ ಚಪ್ಪರ ಹಾಕಿ ಸ್ವಂತಕ್ಕೆ ಸ್ವಲ್ಪ ಕಾಫಿ ಗಿಡ, ಮೆಣಸಿನ ಬಳ್ಳಿ ಮಾಡಿ ಮಾರುತ್ತಾರೆ. ‘ಅವಳದೊಂದು ಚಿಲ್ಲರೆ ವ್ಯವಹಾರ’ ಎಂದು ಅಪ್ಪ ನನಗೆ ಪರಿಚಯಿಸಿದ್ದು.

ತೊಡಕು

ಹುಡುಗ ಎರಡನೇ ಪಿಯುಸಿಯಲ್ಲಿದ್ದ, ವಯಸ್ಸು ಹದಿನೇಳು. 2024ರ ಜನವರಿ ಕೊನೆಗೆ ಹಾಜರಾತಿ ಪಟ್ಟಿ ಮಾಡುವಾಗ ಅವನದು ಶೇ 75ರ ಅಂಚಿಗೆ ಬಂದಿದ್ದು ಕಂಡಿತು. ಕೇಳಿದರೆ ಜ್ವರ ಎಂದ. ಕೈ ನೋಡಿದೆ. ಮುಂಗೈಯ ಕೂದಲು ಸುಟ್ಟು ಮುರುಟಿತ್ತು, ಹೆಬ್ಬೆರಳ ಬುಡದಲ್ಲಿ ಒಡೆದ ಬೊಬ್ಬೆ.

ಅಪ್ಪನ ಮಂಡಿ ಹೋಗಿತ್ತು. ಗುಡ್ಡ ಹತ್ತಲು ಆಗುತ್ತಿರಲಿಲ್ಲ. ಹೆಸರು ತೆಗೆಸಿದರೆ ಮತ್ತೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಹೆದರಿಕೆ. ಹಿಂದಿನ ವರ್ಷದಿಂದಲೇ ಅಪ್ಪನ ಹೆಸರಿನಲ್ಲಿ ಹಾಜರಿ ಬೀಳುತ್ತಿತ್ತು, ಗುಡ್ಡಕ್ಕೆ ಹೋಗುತ್ತಿದ್ದವನು ಮಗ. ಆಳು ಹಂಚುವ ವ್ಯಕ್ತಿಗೆ ತಲೆಲೆಕ್ಕ ಸರಿಹೋದರೆ ಸಾಕಾಗಿತ್ತು. 2023ರ ಮುಂಗಾರು ಕೈಕೊಟ್ಟಿದ್ದರಿಂದ ಆ ಬೇಸಿಗೆಯಲ್ಲಿ ಹುಲ್ಲು ಬೇಗ ಒಣಗಿತ್ತು, ಕೆಲಸವೂ ಜಾಸ್ತಿ. ಪರೀಕ್ಷೆ ಮಾರ್ಚ್ 1ಕ್ಕೆ.

ಬಡತನ, ಒತ್ತಾಯ, ಅಷ್ಟೇ ಎಂದುಕೊಂಡರೆ ಪ್ರಕರಣ ಅರ್ಥವಾಗುವುದಿಲ್ಲ. ಹುಡುಗನಿಗೆ ಆ ಕೆಲಸ ಇಷ್ಟ. ತರಗತಿಯಲ್ಲಿ ಕೊನೆ ಬೆಂಚು, ಕರೆದರೆ ಮಾತ್ರ ಎದ್ದು ನಿಲ್ಲುವವನು. ಗುಡ್ಡದಲ್ಲಿ ನಲವತ್ತು ದಾಟಿದವರು ‘ಯಾವ ಕಡೆಯಿಂದ ಹೋಗಣ ಮಾರಾಯ?’ ಎಂದು ಅವನನ್ನು ಕೇಳುತ್ತಿದ್ದರು. ನಮ್ಮ ಕಾಲೇಜು ಎರಡು ವರ್ಷದಲ್ಲಿ ಅವನಿಗೆ ಕೊಡದ ಮರ್ಯಾದೆಯನ್ನು ಆ ಬೆಟ್ಟ ಒಂದೇ ಬೇಸಿಗೆಯಲ್ಲಿ ಕೊಟ್ಟಿತ್ತು. ‘ಬಿಟ್ಟುಬಿಡು’ ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಾಡಿ ನೋಡಿದ್ದು

ಮೊದಲು ಅಪ್ಪನ ಜೊತೆ ಮಾತು. ಕಾನೂನು ಹೇಳಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14ರ ಒಳಗಿನವರನ್ನು, ಮನೆಯ ಕಸುಬಿಗೆ ನೆರವಾಗುವಂಥ ಸಣ್ಣ ವಿನಾಯಿತಿ ಬಿಟ್ಟರೆ, ದುಡಿಸುವಂತಿಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. ಪಟ್ಟಿಯಲ್ಲಿ ಯಾವ ಕೆಲಸ ಇದೆ, ಯಾವುದು ಇಲ್ಲ ಎಂಬ ವಾದಕ್ಕೆ ಹೋಗಲಿಲ್ಲ. ಕಾಡುಬೆಂಕಿ ಅಪಾಯ ಎನ್ನಲು ಪಟ್ಟಿ ಬೇಕಿಲ್ಲವಲ್ಲ. ಅಪ್ಪ ಕೇಳಿಸಿಕೊಂಡು, ‘ಸಾರ್, ನಾನೂ ಅದೇ ವಯಸ್ಸಿಗೆ ಹೋದೋನೇ. ಏನಾಯ್ತು ನಂಗೆ?’ ಎಂದರು. ನನ್ನ ಬಾಯಿಗೆ ಬಂದ ಉತ್ತರ ಅವರನ್ನು ನೋಯಿಸುವಂಥದ್ದು, ನುಂಗಿಕೊಂಡೆ.

ಆಳು ಹಂಚುವವರನ್ನು ಕಂಡದ್ದರಿಂದಲೂ ಏನೂ ಆಗಲಿಲ್ಲ. ಅವರಿಗೆ ಗುಡ್ಡಕ್ಕೆ ಜನ ಬೇಕು.

ತಿರುವು ಕೊಟ್ಟಿದ್ದು ಅಮ್ಮ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದಲ್ಲಿ ಕಾಡ್ಗಿಚ್ಚು ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡಿದ್ದರು. ಆ ಸುದ್ದಿ ಅವರ ಮನಸ್ಸಿನಿಂದ ಹೋಗಿರಲಿಲ್ಲ. ಒಂದು ಸಂಜೆ ನಾನು ಅವರ ಜಗುಲಿಯಲ್ಲಿ ಇದ್ದಾಗಲೇ ಗಂಡನಿಗೆ ಹೇಳಿದರು: ‘ಅವ್ರು ನೌಕರೀಲಿ ಇದ್ದೋರು, ಮನೆಯೋರಿಗೆ ಸರ್ಕಾರ ಅಂತ ಒಂದು ಇತ್ತು. ಇವನಿಗೆ ಏನಾದ್ರೂ ಆದ್ರೆ? ಪುಸ್ತಕದಲ್ಲಿ ಸುಟ್ಕೊಂಡೋರು ನೀವು ಅಂತ ಇರ್ತದೆ. ಆಸ್ಪತ್ರೇಲಿ ಮಲಗಿರೋನು ಇವನಾಗಿರ್ತಾನೆ. ಪರಿಹಾರ ಕೇಳಕ್ಕೆ ಹೋದ್ರೆ ಕಳ್ಳರು ನಾವೇ.’

ಅಪ್ಪ ಎದ್ದು ಹೊರಗೆ ಹೋದರು. ಎಷ್ಟೋ ಹೊತ್ತಿನ ಮೇಲೆ ಬಂದು, ‘ನಾಳೆಯಿಂದ ಅವನು ಬೇಡ’ ಎಂದಷ್ಟೇ ಹೇಳಿದರು. ಓದು, ಭವಿಷ್ಯ, ಕಾನೂನು ಎಂಬ ನನ್ನ ಮಾತೆಲ್ಲ ಒಂದು ಕಡೆ. ಗಾಯ ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ಆ ಒಂದು ಮಾತು ಕೆಲಸ ಮಾಡಿತು. ಹಾಜರಿ ಪುಸ್ತಕದಲ್ಲಿ ಹೆಸರು ಉಳಿಸಿಕೊಳ್ಳಲೆಂದೇ ಜೀವ ತೇದ ಮನುಷ್ಯನಿಗೆ ಆ ಪುಸ್ತಕದ ಭಾಷೆಯಲ್ಲೇ ಹೇಳಿದ್ದರಿಂದ ತಾಗಿತು ಎಂದು ನನ್ನ ಅಂದಾಜು.

ಆದರೆ ಕೂಲಿ ನಿಂತಿತು. ಅಪ್ಪ ಹೋಗಲಾರರು, ಮಗ ಹೋಗಬಾರದು. ಹುಡುಗ ತನ್ನಷ್ಟಕ್ಕೆ ಒಂದು ಉಪಾಯ ಮಾಡಿದ: ಭಾನುವಾರ ಪಕ್ಕದ ತೋಟಕ್ಕೆ ಮೆಣಸು ಕೊಯ್ಯಲು ಹೋದ. ಸಿಲ್ವರ್ ಮರದ ಮೇಲೆ ಹಬ್ಬಿದ ಬಳ್ಳಿ, ಒಂಟಿ ಬಿದಿರಿನ ಏಣಿ, ಸೊಂಟಕ್ಕೆ ಚೀಲ. ಎರಡನೇ ವಾರ ಏಣಿ ಜಾರಿತು. ಕೆಳಗೆ ತರಗೆಲೆ ದಪ್ಪ ಇದ್ದದ್ದರಿಂದ ಮೈ ಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಪಾಯದಿಂದ ಬಿಡಿಸಿದೆವು ಎಂದುಕೊಂಡರೆ ಇನ್ನೊಂದು ಅಪಾಯಕ್ಕೆ ಹತ್ತಿದ್ದ. ಕೂಲಿಯ ಜಾಗ ಖಾಲಿ ಬಿಟ್ಟರೆ ಹುಡುಗರು ತುಂಬುವುದೇ ಹೀಗೆ.

ಆಮೇಲೆ ಅಮ್ಮ ನರ್ಸರಿಗೆ ಕೂರಿಸಿದರು. ಬೆಳಿಗ್ಗೆ ಆರರಿಂದ ಎಂಟು, ಆಮೇಲೆ ಓದು. ‘ಅದು ಹೆಂಗಸ್ರ ಕೆಲ್ಸ’ ಎಂದು ಮುಖ ಊದಿಸಿಕೊಂಡೇ ಕೂತ.

ಆ ಕೆಲಸವನ್ನು ನಾನೂ ಹತ್ತಿರದಿಂದ ನೋಡಿದೆ. ಕಾಡುಮಣ್ಣು ಆರು ಪಾಲು, ಕೊಟ್ಟಿಗೆ ಗೊಬ್ಬರ ಎರಡು, ಮರಳು ಒಂದು, ಜರಡಿ ಹಿಡಿದು ಕಲೆಸುತ್ತಾರೆ. ಒಂಬತ್ತು ಇಂಚು ಉದ್ದದ ಬ್ಯಾಗಿನ ತಳದ ಎರಡು ಮೂಲೆಯನ್ನು ಬೆರಳಲ್ಲಿ ಒಳಕ್ಕೆ ತಳ್ಳಿ, ಮೊದಲ ಹಿಡಿ ಮಣ್ಣನ್ನು ಗಟ್ಟಿಯಾಗಿ ಒತ್ತಬೇಕು, ಇಲ್ಲದಿದ್ದರೆ ಬ್ಯಾಗ್ ನಿಲ್ಲದು. ಅರ್ಧ ತುಂಬಿದಾಗ ನೆಲಕ್ಕೆ ಕುಟ್ಟಬೇಕು. ಸಡಿಲವಾಗಿ ತುಂಬಿದ ಬ್ಯಾಗ್ ನೀರು ಬಿದ್ದ ಮೇಲೆ ನಡುವಿಗೆ ಬಾಗಿ ಕೂರುತ್ತದೆ. ಪಾತಿಯಲ್ಲಿ ಬೀಜವನ್ನೇ ಟೋಪಿಯಂತೆ ಹೊತ್ತು ಎದ್ದ ಸಸಿಯನ್ನು ಕೀಳುವಾಗ ತಾಯಿಬೇರಿನ ತುದಿ ಉಗುರಲ್ಲಿ ಚಿವುಟಿ, ಬೆರಳಿಂದ ಮಾಡಿದ ಕುಳಿಗೆ ಇಳಿಬಿಡಬೇಕು. ಅಲ್ಲಿ ಬೇರು ಮಡಚಿಕೊಂಡರೆ ಗಿಡ ನರ್ಸರಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕೊಂಡವರ ತೋಟದಲ್ಲಿ ಎರಡು ಮೂರು ವರ್ಷಕ್ಕೆ ಸೊರಗಿ ನಿಲ್ಲುತ್ತದೆ. ಅಮ್ಮ ಮಗ ಮಾಡಿದ್ದನ್ನು ಅಲ್ಲೊಂದು ಇಲ್ಲೊಂದು ಕಿತ್ತು ಬೇರು ನೋಡುತ್ತಿದ್ದರು. ಮಡಚಿದ್ದು ಕಂಡರೆ ಆ ಸಾಲನ್ನೇ ಎಸೆಯುತ್ತಿದ್ದರು. ಬೈಗುಳ ಇಲ್ಲ.

ಹುಡುಗನ ಮನಸ್ಸು ತಿರುಗಿದ್ದು ನೋಟ್‌ಬುಕ್ಕಿನಿಂದ. ಕಾಮರ್ಸ್ ಓದುವವನು, ಲೆಕ್ಕ ಬರೆಯಲು ಅಮ್ಮ ಕೊಟ್ಟರು. ರೋಬಸ್ಟಾ ಕಾಫಿಯ ಬೆಲೆ ಆ ವರ್ಷ ಹಿಂದೆಂದೂ ಕಾಣದ ಎತ್ತರಕ್ಕೆ ಏರುತ್ತಿತ್ತು, ಸಿ ಇಂಟು ಆರ್ ಎಂಬ ರೋಬಸ್ಟಾ ತಳಿಯ ಗಿಡಕ್ಕೆ ಬೆಳೆಗಾರರು ಮುಂಗಡ ಕೊಟ್ಟು ಹೋಗುತ್ತಿದ್ದರು, ಪಣಿಯೂರು ತಳಿಯ ಮೆಣಸಿನ ಬಳ್ಳಿಗೂ ಕೇಳಿಕೆ. ಹಿಂದಿನ ವರ್ಷಗಳ ಚೀಟಿಗಳನ್ನೆಲ್ಲ ಕೂಡಿಸಿದಾಗ ಗೊತ್ತಾಯಿತು: ಅವನ ಪಿಯು ಫೀಸು, ತಂಗಿಯ ಬಸ್ ಪಾಸು, ಅಜ್ಜನ ಕಣ್ಣಿನ ಆಪರೇಷನ್ನಿನ ಓಡಾಟ, ಎಲ್ಲ ಹೋಗಿದ್ದು ಆ ‘ಚಿಲ್ಲರೆ ವ್ಯವಹಾರ’ದಿಂದ. ಗಂಡಸರ ಬೇಸಿಗೆ ಮನೆಗೆ ಕಥೆ ಕೊಟ್ಟಿತ್ತು. ಹೆಂಗಸಿನ ಬೇಸಿಗೆ ಮನೆ ನಡೆಸಿತ್ತು. ಅದನ್ನು ಅವನು ನನಗೆ ಹೇಳಿದಾಗ ಸ್ವಲ್ಪ ಸಿಟ್ಟೂ ಇತ್ತು. ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಎಂದು.

ಆದದ್ದು

ಎಲ್ಲ ನೇರವಾಗಲಿಲ್ಲ. ಮಾರ್ಚ್ ಪರೀಕ್ಷೆಯಲ್ಲಿ ಒಂದು ವಿಷಯ ಹೋಯಿತು. ಆ ವರ್ಷದಿಂದ ಪಿಯುಸಿಗೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಏಪ್ರಿಲ್ ಕೊನೆಗೆ ಶುರುವಾದ ಎರಡನೇ ಪರೀಕ್ಷೆಯಲ್ಲಿ ಪಾಸಾದ. ಅಪ್ಪನಿಗೆ ಹೀಗೊಂದು ಎರಡನೇ ಅವಕಾಶ ಅದೇ ಬೇಸಿಗೆಯಲ್ಲಿ ಸಿಕ್ಕಿದ್ದರೆ ಎಂದು ಯೋಚಿಸಿದ್ದೇನೆ, ಅವರ ಮುಂದೆ ಹೇಳಿಲ್ಲ.

ಎರಡು ತಿಂಗಳ ಕೂಲಿ ತಪ್ಪಿದ್ದಕ್ಕೆ ಮನೆ ಸ್ವಸಹಾಯ ಸಂಘದಲ್ಲಿ ಸಾಲ ಮಾಡಿತು. ಅಪ್ಪನ ಹೆಸರು ಪುಸ್ತಕದಿಂದ ಹೋಯಿತು. ಅವರು ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ, ದಾರಿಯಲ್ಲಿ ಸಿಕ್ಕರೆ ‘ಆರಾಮಾ ಸಾರ್’ ಎಂದು ನಿಲ್ಲದೆ ಹೋಗುತ್ತಿದ್ದರು. ಖಾಲಿಯಾದ ಜಾಗಕ್ಕೆ ಅದೇ ಊರಿನ ಇನ್ನೊಂದು ಮನೆಯ ಹುಡುಗ, ಅವನೂ ಚಿಕ್ಕವನೇ, ಮಾವನ ಹೆಸರಿನಲ್ಲಿ ಹೋಗತೊಡಗಿದ. ಒಂದು ಮನೆಯಲ್ಲಿ ಬಗೆಹರಿದದ್ದು ಊರಿನಲ್ಲಿ ಬಗೆಹರಿದ ಹಾಗಲ್ಲ.

ಆ ಮಳೆಗಾಲದಲ್ಲಿ ಹುಡುಗನಿಗೆ 18 ತುಂಬಿತು, ಬಿ.ಕಾಂ ಸೇರಿದ. 2025ರ ಬೇಸಿಗೆಗೆ ತಾನೇ ಹೋಗಿ ಕೇಳಿ ಬೆಂಕಿ ಕಾವಲಿಗೆ ಸೇರಿದ, ಸ್ವಂತ ಹೆಸರಿನಲ್ಲಿ, ಕೂಲಿ ಸ್ವಂತ ಬ್ಯಾಂಕ್ ಖಾತೆಗೆ. ಅಮ್ಮ ಹಾಕಿದ ಷರತ್ತು ಎರಡು: ಪರೀಕ್ಷೆಯ ದಿನಗಳಲ್ಲಿ ಹೋಗಬಾರದು, ಒಬ್ಬನೇ ಹೋಗಬಾರದು. ಈಗ ಉಪಗ್ರಹದಿಂದ ಬೆಂಕಿಯ ಸೂಚನೆ ಫೋನಿಗೇ ಬರುತ್ತದೆ. ಅದರಲ್ಲಿ ಕಾಣುವ ಚುಕ್ಕೆ ಎಂದರೆ ಸುಮಾರು 375 ಮೀಟರ್ ಚೌಕ, ಅದರೊಳಗೆ ಉರಿ ಎಲ್ಲಿದೆ ಎಂದು ತಿಳಿಯದು. ಉಪಗ್ರಹ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಆಸುಪಾಸು ಮತ್ತು ನಡುರಾತ್ರಿ ದಾಟಿದ ಮೇಲೆ. ನಡುವೆ ಬಿದ್ದ ಬೆಂಕಿಯನ್ನು ಗುಡ್ಡದ ಮೇಲೆ ನಿಂತವನ ಕಣ್ಣೇ ಹಿಡಿಯಬೇಕು. ಚುಕ್ಕೆ ನೋಡಿ ದಿಕ್ಕು ಹಿಡಿದು, ಅಜ್ಜ ಹೇಳಿದ ಹಾಗೆ ಹೊಗೆ ನೆಟ್ಟಗೆ ಏಳುತ್ತಿದೆಯೋ ಮಲಗಿ ಹರಿಯುತ್ತಿದೆಯೋ ನೋಡಿ ಹೋಗುತ್ತೇನೆ ಎನ್ನುತ್ತಾನೆ.

ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ ಆಗಿರಬೇಕು. ಅವನಿಗೆ ಆ ಕಡೆ ಮನಸ್ಸಿದೆ. ಕಾಲು ಗಟ್ಟಿ, ಕಾಡು ಗೊತ್ತು, ಈಗ ಕೈಯಲ್ಲಿ ಪಿಯುಸಿ ಅಂಕಪಟ್ಟಿಯೂ ಇದೆ. ಸಿಗದಿದ್ದರೆ ನರ್ಸರಿಗೆ ಇನ್ನೊಂದು ಚಪ್ಪರ ಎನ್ನುವ ಮಾತನ್ನೂ ಆಡುತ್ತಾನೆ. ಎರಡರಲ್ಲಿ ಯಾವುದು ಆಗುತ್ತದೋ ನೋಡಬೇಕು.

ಇಂಥ ಮನೆಗೆ ಹೋಗುವವರಿಗೆ

ಬೇಸಿಗೆ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಇಟ್ಟುಕೊಂಡು ನಾನು ಹೋಗಿದ್ದರೆ ಅಪ್ಪನ ಎದುರು ಸೋಲುತ್ತಿದ್ದೆ, ಹುಡುಗನ ಎದುರು ಇನ್ನೂ ಬೇಗ. ಮೂವರೂ ಅದೇ ಗುಡ್ಡದಲ್ಲಿ, ಅದೇ ತಿಂಗಳುಗಳಲ್ಲಿ ದುಡಿದವರು. ಅಜ್ಜನಿಗೆ ಅದು ವಿದ್ಯೆ. ಅಪ್ಪನಿಗೆ ಕಾಯುವಿಕೆ. ಹುಡುಗನಿಗೆ, ಸದ್ಯಕ್ಕೆ, ಎರಡು ದಾರಿಗಳಲ್ಲಿ ಒಂದು. ವ್ಯತ್ಯಾಸ ಬಂದದ್ದು ಮಳೆ ಹಿಡಿದ ಮೇಲೆ ಕೈಯಲ್ಲಿ ಏನು ಉಳಿಯಿತು ಎನ್ನುವುದರಲ್ಲಿ. ಅಪ್ಪನಿಗೆ ಪ್ರತಿ ಜೂನ್‌ನಲ್ಲಿ ಏನೂ ಉಳಿಯುತ್ತಿರಲಿಲ್ಲ. ಅಮ್ಮ ನೂರಕ್ಕಿಷ್ಟು ಎಂದು ತುಂಬಿದ ಬ್ಯಾಗುಗಳು ತೋಟದವರದಾದರೂ ತುಂಬುವ ಕೈ ಅವರದೇ ಆಗಿ ಉಳಿಯಿತು, ಬೇಕಾದಾಗ ಸ್ವಂತಕ್ಕೆ ದುಡಿಯಿತು.

ಇನ್ನೊಂದು ಮಾತು. ಕೆಲಸ ಬಿಡಿಸುವ ಮೊದಲು ಆ ಕೂಲಿ ಯಾವ ಖರ್ಚಿಗೆ ಹೋಗುತ್ತಿತ್ತು ಎಂದು ಕೇಳಿಕೊಳ್ಳಿ, ಆ ಎರಡು ಮೂರು ತಿಂಗಳಿಗೆ ಬದಲಿ ಏನು ಎಂದು ಮನೆಯ ಹೆಂಗಸರ ಜೊತೆ ಕೂತು ಲೆಕ್ಕ ಹಾಕಿ. ಗಂಡಸರಿಗೆ ತಮ್ಮ ಕೂಲಿ ಗೊತ್ತಿರುತ್ತದೆ. ಮನೆಯ ಲೆಕ್ಕ ಬಹಳ ಸಲ ಗೊತ್ತಿರುವುದಿಲ್ಲ. ಹುಡುಗನಿಗೆ ಆ ಕೆಲಸದಲ್ಲಿ ಸಿಗುತ್ತಿದ್ದ ಮರ್ಯಾದೆಗೂ ಒಂದು ಬದಲಿ ಬೇಕು. ಇವನ ವಿಷಯದಲ್ಲಿ ಕಾಲೇಜಿನ ಎನ್ನೆಸ್ಸೆಸ್ ಶಿಬಿರದಲ್ಲಿ ಬೆಂಕಿಯ ಬಗ್ಗೆ ಒಂದು ಗಂಟೆ ಮಾತಾಡಿಸಿದೆವು. ಮುಂದಿನ ಬೆಂಚಿನವರು ಬಾಯಿ ತೆರೆದು ಕೇಳಿದರು. ಮಾರನೇ ದಿನದಿಂದ ಅವನು ತರಗತಿಯಲ್ಲಿ ಕೂರುವ ರೀತಿಯೇ ಬೇರೆಯಾಯಿತು.

ಮನೆಯಲ್ಲಿ ಈಗ ಹೊಸ ಚರ್ಚೆ ತಂಗಿಯದು. ಅವಳು ಎಸ್ಸೆಸ್ಸೆಲ್ಸಿ, ನರ್ಸರಿಯಲ್ಲಿ ಅಣ್ಣನಿಗಿಂತ ಚುರುಕು, ಆದರೆ ಅವಳಿಗೆ ಗುಡ್ಡಕ್ಕೆ ಹೋಗಬೇಕು. ‘ಅಜ್ಜಯ್ಯ ಅಣ್ಣಂಗೆ ಹೇಳ್ಕೊಟ್ಟಿದ್ನ ನಂಗ್ಯಾಕೆ ಹೇಳ್ಕೊಡಲ್ಲ?’ ಎಂದು ಕೇಳುತ್ತಾಳೆ. ಅಮ್ಮ 18 ತುಂಬಲಿ ಎನ್ನುತ್ತಾರೆ. ಅಪ್ಪ ಬೇಡ ಎನ್ನುತ್ತಾರೆ. ಅಜ್ಜ ಮಾತ್ರ ಪರೀಕ್ಷೆ ಮುಗಿದ ಮೇಲೆ, ಮೊದಲ ಅಡ್ಡಮಳೆ ಬಿದ್ದು ಹುಲ್ಲು ತೊಯ್ದ ನಂತರ, ಗಾಳಿ ಯಾವ ಹೊತ್ತಿಗೆ ಯಾವ ಕಡೆ ತಿರುಗುತ್ತದೆ ಎಂದು ತೋರಿಸಲು ಅವಳನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಅದಕ್ಕೆ ಯಾರೂ ಇನ್ನೂ ಹೂಂ ಎಂದಿಲ್ಲ.